ಮಾಯಾಲೋಕದ ಸರಣಿಯನ್ನು ಪುಟ್ಟ ಮಗುವಿಗೆ ತೋರಿಸುವ ಮೊದಲು

ಆ್ಯನಿಮೇಷನ್ ಸರಣಿಯೊಂದನ್ನು ಮಗುವಿಗೆ ತೋರಿಸಬಹುದೇ ಎಂದು ಕೇಳಲು ಬರುವ ತಂದೆತಾಯಂದಿರಲ್ಲಿ ಹೆಚ್ಚಿನವರು, ಅದರಲ್ಲಿ ಹೊಡೆದಾಟ ಎಷ್ಟಿದೆ ಎಂಬುದನ್ನು ಮೊದಲೇ ಎಣಿಸಿಕೊಂಡು ಬಂದಿರುತ್ತಾರೆ. ಮಕ್ಕಳ ಮನಃಶಾಸ್ತ್ರದ ವೃತ್ತಿಯಲ್ಲಿ ಇಷ್ಟು ವರ್ಷ ಕಳೆದ ಮೇಲೆ, ಮೂರರಿಂದ ಏಳು ವರ್ಷದ ಮಗುವಿನ ಮಟ್ಟಿಗೆ ಅದು ಮೊದಲು ಕೇಳಬೇಕಾದ ಪ್ರಶ್ನೆಯಲ್ಲ ಎಂಬ ತೀರ್ಮಾನಕ್ಕೆ ನಾನು ಬಂದಿದ್ದೇನೆ. ಬೆಂಕಿಯುಗುಳುವ ಡ್ರ್ಯಾಗನ್ನನ್ನೂ ಕುಸಿದು ಬೀಳುವ ಕೋಟೆಯನ್ನೂ ರೆಪ್ಪೆ ಮಿಟುಕಿಸದೆ ನೋಡಿದ ಮಗುವೇ, ಒಂದು ಹನಿ ರಕ್ತವೂ ಕಾಣದ ಯಾವುದೋ ದೃಶ್ಯದಿಂದ ವಾರಗಟ್ಟಲೆ ನಿದ್ದೆಗೆಟ್ಟದ್ದನ್ನು ಹಲವು ಬಾರಿ ಕಂಡಿದ್ದೇನೆ.

ಐದು ವರ್ಷದ ಹುಡುಗಿಯೊಬ್ಬಳನ್ನು ಕರೆತಂದಿದ್ದರು. ಅವಳು ನೋಡಿದ ಸರಣಿಯಲ್ಲಿ ನಾಯಕಿಯನ್ನು ಸಾಕಿದ ಅಜ್ಜಿ ಮಾಟಕ್ಕೆ ಒಳಗಾಗುತ್ತಾಳೆ. ಅವಳ ಕಣ್ಣು ಪೂರ್ತಿ ಕಪ್ಪಾಗುತ್ತದೆ, ದನಿ ಬೇರೆಯಾಗುತ್ತದೆ, ಮುಖದ ಮೇಲಿನ ನಗು ಮಾತ್ರ ಹಾಗೆಯೇ ಉಳಿಯುತ್ತದೆ. ಯಾರೂ ಯಾರನ್ನೂ ಮುಟ್ಟದ ಆ ದೃಶ್ಯ ಒಂದು ನಿಮಿಷವೂ ಇರಲಿಲ್ಲ. ಆದರೆ ಮಾರನೆಯ ದಿನದಿಂದ ಹುಡುಗಿ ತನ್ನ ಅಜ್ಜಿಯ ಗಲ್ಲ ಹಿಡಿದು ಕಣ್ಣುಗಳನ್ನೇ ದಿಟ್ಟಿಸಿ, "ನೀನು ನೀನೇನಾ?" ಎಂದು ಕೇಳತೊಡಗಿದ್ದಳು. ಹೊಡೆದಾಟವಿಲ್ಲವೆಂಬ ಕಾರಣಕ್ಕೇ ತಂದೆತಾಯಿ ಆ ಸರಣಿಯನ್ನು ಆರಿಸಿದ್ದರು.

ಈ ವಯಸ್ಸಿನ ಮಕ್ಕಳು ಹೀಗೇಕೆ ಹೆದರುತ್ತಾರೆ ಎಂಬುದಕ್ಕೆ ಹಳೆಯ, ಆದರೆ ಇಂದಿಗೂ ಉಪಯುಕ್ತವಾದ ಅಧ್ಯಯನಗಳಿವೆ. ಅಮೆರಿಕದ ಸಂಶೋಧಕಿಯರಾದ ಸಿಂಥಿಯಾ ಹಾಫ್ನರ್ ಮತ್ತು ಜೋಆ್ಯನ್ ಕ್ಯಾಂಟರ್ 1985ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದೇ ಕಥೆಯ ನಾಲ್ಕು ರೂಪಗಳನ್ನು ಮಕ್ಕಳಿಗೆ ತೋರಿಸಲಾಗಿತ್ತು. ಅದರಲ್ಲಿ ಬರುವ ಮುದುಕಿ ಎರಡರಲ್ಲಿ ವಿಕಾರವಾಗಿಯೂ ಉಳಿದೆರಡರಲ್ಲಿ ಸೌಮ್ಯವಾಗಿಯೂ ಕಾಣುತ್ತಾಳೆ. ಆ ಪ್ರತಿ ಜೋಡಿಯಲ್ಲೂ ಅವಳು ಒಂದರಲ್ಲಿ ದಯೆಯಿಂದಲೂ ಇನ್ನೊಂದರಲ್ಲಿ ಕ್ರೂರವಾಗಿಯೂ ವರ್ತಿಸುತ್ತಾಳೆ. ಒಂಬತ್ತು-ಹತ್ತು ವರ್ಷದ ಮಕ್ಕಳು ಅವಳ ನಡತೆಯಿಂದ ಅವಳನ್ನು ಅಳೆದರೆ, ಮೂರರಿಂದ ಐದು ವರ್ಷದವರು ಹೆಚ್ಚಾಗಿ ಅವಳ ರೂಪದಿಂದಲೇ ಅಳೆದರು. ಮರುವರ್ಷ ಪ್ರಕಟವಾದ ಇನ್ನೊಂದು ಅಧ್ಯಯನ ಹಲ್ಕ್ ಸರಣಿಯ ಒಂದು ಕಂತನ್ನು ಬಳಸಿತ್ತು. ಹಸಿರು ದೈತ್ಯನಾಗಿ ಮಾರ್ಪಟ್ಟವನು ಜನರನ್ನು ಕಾಪಾಡಲೆಂದೇ ಬಂದಿದ್ದಾನೆ ಎಂಬುದು ದೊಡ್ಡ ಮಕ್ಕಳಿಗೆ ಗೊತ್ತಾಗುತ್ತಿತ್ತು. ಶಾಲೆಗೆ ಸೇರುವ ಮೊದಲಿನ ವಯಸ್ಸಿನವರು ಮಾತ್ರ ಅವನು ರೂಪ ಬದಲಿಸಿದ ಮೇಲೆಯೇ ಹೆಚ್ಚು ಹೆದರಿದರು.

ಮಾಯಾಲೋಕದ ಕಥೆಗಳು ನಿಂತಿರುವುದೇ ರೂಪಾಂತರದ ಮೇಲೆ. ರಾಜಕುಮಾರ ಮೃಗವಾಗುವುದು, ಗೆಳೆಯನ ಮೈಯೊಳಗೆ ಬೇರೊಬ್ಬರು ಸೇರಿಕೊಳ್ಳುವುದು, ತಾಯಿಯ ದನಿಯಲ್ಲಿ ರಾಕ್ಷಸ ಕರೆಯುವುದು ಇವೆಲ್ಲ ಕಥೆಗಾರನಿಗೆ ದಿನನಿತ್ಯದ ಉಪಕರಣಗಳು. ತನ್ನವರ ಮುಖ ನಾಳೆಯೂ ಹೀಗೆಯೇ ಇರುತ್ತದೆ ಎಂಬ ನಂಬಿಕೆಯ ಮೇಲೆ ಮಗುವಿನ ಸುರಕ್ಷೆಯ ಭಾವ ನಿಂತಿರುತ್ತದೆ. ಆದ್ದರಿಂದಲೇ, ಮೊದಲಿನಿಂದಲೂ ರಾಕ್ಷಸನಾಗಿರುವ ರಾಕ್ಷಸನಿಗಿಂತ, ನಂಬಿದವರು ಇದ್ದಕ್ಕಿದ್ದಂತೆ ರಾಕ್ಷಸರಾಗುವ ದೃಶ್ಯವನ್ನು ನಾನು ಹೆಚ್ಚು ಎಚ್ಚರದಿಂದ ನೋಡುತ್ತೇನೆ.

ಸರಣಿಯ ಮೇಲಿರುವ ವಯೋಮಿತಿಯ ಗುರುತು ಇದನ್ನು ತಿಳಿಸುವುದು ಅಪರೂಪ. ಅಮೆರಿಕದ ದೂರದರ್ಶನದಲ್ಲಿ 1997ರಿಂದ, ಏಳು ವರ್ಷ ಮೇಲ್ಪಟ್ಟ ಮಕ್ಕಳ ಕಾರ್ಯಕ್ರಮದಲ್ಲಿ ಕಾಲ್ಪನಿಕ ಹಿಂಸೆ ತೀವ್ರವಾಗಿದ್ದರೆ ಅದಕ್ಕೆ ಪ್ರತ್ಯೇಕ ಗುರುತು ಹಾಕುತ್ತಾರೆ. ಭಾರತದಲ್ಲಿ 2021ರ ನಿಯಮಗಳು ಸ್ಟ್ರೀಮಿಂಗ್ ವೇದಿಕೆಗಳಿಗೆ ಯು/ಎ 7+, 13+, 16+ ಎಂಬ ಹಂತಗಳನ್ನು ತಂದವು. ನನಗೆ ಹೆಚ್ಚು ಒಪ್ಪಿಗೆಯಾಗುವುದು ನೆದರ್‌ಲೆಂಡ್ಸಿನ ಕೈಕ್‌ವೈಜರ್ ಪದ್ಧತಿ. ಅದು ಹಿಂಸೆಗೆ ಒಂದು ಚಿತ್ರಸಂಕೇತವನ್ನೂ ಭಯಕ್ಕೆ ಇನ್ನೊಂದನ್ನೂ ಇಟ್ಟು, ಇವೆರಡೂ ಬೇರೆ ಬೇರೆ ಎಂದು ಒಪ್ಪಿಕೊಳ್ಳುತ್ತದೆ. ಏನೇ ಆದರೂ 7+ ಎಂಬ ಗುರುತಿದ್ದ ಸರಣಿಯನ್ನು "ಕಾರ್ಟೂನ್ ತಾನೇ" ಎಂದು ನಾಲ್ಕು ವರ್ಷದ ಮಗುವಿಗೆ ಹಾಕಿಕೊಡುವುದು ಸರಿಯಲ್ಲ. ಚಿತ್ರ ಬಿಡಿಸಿದ್ದು ಎಂದ ಮಾತ್ರಕ್ಕೆ ಕಥೆ ಮೃದುವಾಗಿರುವುದಿಲ್ಲ. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಅಧ್ಯಯನವೊಂದು ಮಕ್ಕಳ 45 ಆ್ಯನಿಮೇಷನ್ ಚಿತ್ರಗಳನ್ನು ದೊಡ್ಡವರ 90 ಚಿತ್ರಗಳೊಂದಿಗೆ ಹೋಲಿಸಿ ನೋಡಿದಾಗ, ಮುಖ್ಯ ಪಾತ್ರವೊಂದು ಸಾಯುವ ಸಂಭವ ಮಕ್ಕಳ ಚಿತ್ರಗಳಲ್ಲೇ ಎರಡೂವರೆ ಪಟ್ಟು ಹೆಚ್ಚಾಗಿತ್ತು.

ಹಾಗಾದರೆ ಪರೀಕ್ಷಿಸುವುದು ಹೇಗೆ? ಮೊದಲ ಕಂತನ್ನು ನೋಡಿ ಒಪ್ಪಿಗೆ ಕೊಡುವುದು ನಾನು ಕಾಣುವ ಅತಿ ಸಾಮಾನ್ಯ ತಪ್ಪು. ಮೊದಲ ಕಂತು ಆಹ್ವಾನ ಪತ್ರಿಕೆಯಿದ್ದಂತೆ. ಅಲ್ಲಿ ಹಸಿರು ಕಾಡು, ಮಾತಾಡುವ ಪ್ರಾಣಿ, ತಮಾಷೆಯ ಗೆಳೆಯ ಇರುತ್ತಾರೆ. ಕಥೆಯ ಕತ್ತಲೆ ಇರುವುದು ಸೀಸನ್ನಿನ ಕೊನೆಯ ಎರಡು ಕಂತುಗಳಲ್ಲಿ. ಹಲವು ಸೀಸನ್‌ಗಳ ಸರಣಿಯಾದರೆ, ಪ್ರೇಕ್ಷಕರೊಂದಿಗೆ ಕಥೆಯೂ ಬೆಳೆದು ಗಾಢವಾಗುತ್ತ ಹೋಗಬಹುದು. ಮಗು ಮಲಗಿದ ಮೇಲೆ ಆ ಕೊನೆಯ ಕಂತುಗಳನ್ನು ನೀವೊಬ್ಬರೇ ನೋಡಿರಿ, ಧ್ವನಿಯನ್ನು ಕಡಿಮೆ ಮಾಡದೆ ನೋಡಿರಿ. ಹೆದರಿದ ಮಗು ಕೈಯಿಂದ ಕಣ್ಣು ಮುಚ್ಚಿಕೊಳ್ಳುತ್ತದೆಯೇ ಹೊರತು ಕಿವಿ ಮುಚ್ಚಿಕೊಳ್ಳುವುದಿಲ್ಲ. ಏರುತ್ತ ಹೋಗುವ ಹಿನ್ನೆಲೆ ಸಂಗೀತ ಅದರೊಳಗೆ ಇಳಿಯುತ್ತಲೇ ಇರುತ್ತದೆ.

ನೋಡುವಾಗ ನಾನು ಎಲ್ಲಕ್ಕಿಂತ ಮುಖ್ಯವಾಗಿ ಗಮನಿಸುವುದು ಭಯದ ಆಯುಷ್ಯವನ್ನು: ಅದು ಎಲ್ಲಿ ಹುಟ್ಟಿತು, ಎಷ್ಟು ಹೊತ್ತು ಉಳಿಯಿತು, ಅದೇ ಕಂತಿನೊಳಗೆ ತೀರಿತೇ ಎಂಬುದನ್ನು. ಇಪ್ಪತ್ತೆರಡು ನಿಮಿಷದ ಕಂತೊಂದರಲ್ಲಿ ಕಳೆದುಹೋದ ಮರಿ ಹದಿನೆಂಟನೆಯ ನಿಮಿಷದಲ್ಲಿ ತಾಯಿಯ ಬಳಿ ಸೇರಿದರೆ, ನಡುವೆ ಮಗು ಎಷ್ಟೇ ಅತ್ತಿದ್ದರೂ ಅದು ಒಂದು ಪೂರ್ಣ ಅನುಭವ. ನಾಲ್ಕು ವರ್ಷದ ಮಗುವಿಗೂ ಅಂಥ ಭಯ ಒಳ್ಳೆಯದೆಂದೇ ನನ್ನ ಅಭಿಪ್ರಾಯ. ಭಯವೇ ಇಲ್ಲದ ಕಥೆಗಳನ್ನಷ್ಟೇ ಮಕ್ಕಳಿಗೆ ಕೊಡಬೇಕೆಂದು ನಾನು ಯಾರಿಗೂ ಹೇಳುವುದಿಲ್ಲ. ಆದರೆ ಅದೇ ಮರಿ ಬಾವಿಯ ಅಂಚಿನಲ್ಲಿ ನೇತಾಡುತ್ತಿರುವಾಗ ಕಂತು ಮುಗಿದು, ಮುಂದಿನದು ನಾಳೆಗೆ ಉಳಿದರೆ, ಆ ರಾತ್ರಿಯಿಡೀ ಮಗುವಿನ ಮನಸ್ಸಿನಲ್ಲಿ ಅದು ನೇತಾಡುತ್ತಲೇ ಇರುತ್ತದೆ. ಕಥೆ ಮುಂದೆ ಸರಿಹೋಗುತ್ತದೆ ಎಂಬ ಭರವಸೆ ನಮಗೆ ಬಂದಿರುವುದು ನೂರಾರು ಕಥೆಗಳನ್ನು ಕೇಳಿದ ಮೇಲೆ. ಮಗುವಿನ ಬಳಿ ಆ ದಾಸ್ತಾನು ಇನ್ನೂ ಇಲ್ಲ. ಬಾಯಲ್ಲಿ ಕಥೆ ಹೇಳುವವರು ಮಗುವಿನ ಮುಖ ನೋಡಿ ಹುಲಿಯನ್ನು ಎರಡು ಹೆಜ್ಜೆ ಹಿಂದಕ್ಕೆ ಸರಿಸುತ್ತಾರೆ. ಪರದೆಗೆ ಆ ಕಣ್ಣಿಲ್ಲದಿರುವುದರಿಂದ ಆ ಕೆಲಸವನ್ನು ಪಕ್ಕದಲ್ಲಿ ಕುಳಿತವರು ಮಾಡಬೇಕಾಗುತ್ತದೆ, ಬೇಕಿದ್ದರೆ ಮುಂದಿನ ಕಂತಿನ ಮೊದಲ ಐದು ನಿಮಿಷವನ್ನು ಅಂದೇ ತೋರಿಸಿಯಾದರೂ.

ಹೊಡೆದಾಟದ ವಿಚಾರಕ್ಕೆ ಬಂದರೆ, ನಾನು ಕೇಳುವುದು ಅದನ್ನು ಮಗು ಮನೆಯಲ್ಲಿ ಮಾಡಿ ನೋಡಲು ಸಾಧ್ಯವೇ ಎಂದು. ಕೈಬೆರಳಿನಿಂದ ಮಿಂಚು ಹೊರಡಿಸುವುದಕ್ಕಿಂತ ಎತ್ತರದಿಂದ ಹಾರುವುದು, ಕುತ್ತಿಗೆ ಹಿಡಿಯುವುದು, ಒದೆಯುವುದು ನನಗೆ ಹೆಚ್ಚಿನ ಚಿಂತೆಯ ವಿಷಯ. ಮನಃಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ ಅವರ 1963ರ ಪ್ರಸಿದ್ಧ ಪ್ರಯೋಗದ ಒಂದು ಭಾಗದಲ್ಲಿ, ಕಾರ್ಟೂನ್ ಶೈಲಿಯ ಕಪ್ಪು ಬೆಕ್ಕಿನ ವೇಷದ ಪಾತ್ರವೊಂದು ಗೊಂಬೆಯನ್ನು ಹೊಡೆಯುವುದನ್ನು ಮಕ್ಕಳಿಗೆ ತೋರಿಸಲಾಗಿತ್ತು. ಅದನ್ನು ನೋಡಿದ ಮಕ್ಕಳೂ ನೋಡದವರಿಗಿಂತ ಹೆಚ್ಚು ಆಕ್ರಮಣಶೀಲತೆ ತೋರಿದರು. ಹಾಗೆಯೇ ಬೆಳಕಿನ ಬಗ್ಗೆ ಒಂದು ಮಾತು: 1997ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಕಾರ್ಟೂನ್ ಕಂತೊಂದರ ಕೆಂಪು-ನೀಲಿ ಮಿನುಗುಬೆಳಕಿನ ದೃಶ್ಯ ನೋಡಿದ ಆರುನೂರಕ್ಕೂ ಹೆಚ್ಚು ಮಂದಿಯನ್ನು ಆಸ್ಪತ್ರೆಗೆ ಕರೆದೊಯ್ಯಲಾಗಿತ್ತು. ಮಗುವಿಗೆ ಮೂರ್ಛೆಯ ಇತಿಹಾಸವಿದ್ದರೆ ಮಂತ್ರಯುದ್ಧದ ದೃಶ್ಯಗಳ ಬಗ್ಗೆ ವೈದ್ಯರನ್ನು ಕೇಳಲೇಬೇಕು.

ಮಗು ಹೆದರಿದಾಗ "ಇದೆಲ್ಲ ಸುಳ್ಳು" ಎಂದು ಹೇಳುವುದು ಎಂಟು-ಒಂಬತ್ತು ವರ್ಷದವರಿಗೆ ನೆರವಾಗುತ್ತದೆ. ಐದು ವರ್ಷದವರಿಗೆ ಅಷ್ಟಾಗಿ ಆಗುವುದಿಲ್ಲ. ಮನಃಶಾಸ್ತ್ರಜ್ಞ ಪಾಲ್ ಹ್ಯಾರಿಸ್ ಮತ್ತು ಸಹೋದ್ಯೋಗಿಗಳು 1991ರಲ್ಲಿ ನಡೆಸಿದ ಪ್ರಯೋಗದಲ್ಲಿ, ಖಾಲಿ ಡಬ್ಬಿಯೊಳಗೆ ರಾಕ್ಷಸನಿದ್ದಾನೆಂದು ಕಲ್ಪಿಸಿಕೊಳ್ಳುವಂತೆ ಮಕ್ಕಳಿಗೆ ಹೇಳಲಾಯಿತು. ಅದು ಬರೀ ಕಲ್ಪನೆಯೆಂದು ಅವರು ಒಪ್ಪಿದ್ದರು. ಆದರೂ ಸಂಶೋಧಕರು ಹೊರಗೆ ಹೊರಟಾಗ ನಾಲ್ಕು ವರ್ಷದ ಕೆಲವು ಮಕ್ಕಳು ಹೋಗಬೇಡಿ ಎಂದು ತಡೆದರು. ಗೊತ್ತಿರುವುದು ಬೇರೆ, ಹೆದರದಿರುವುದು ಬೇರೆ. ಈ ವಯಸ್ಸಿಗೆ ಮಡಿಲು, ಕೈಹಿಡಿತ, ನಿಲ್ಲಿಸುವ ಗುಂಡಿ ತನ್ನ ಕೈಯಲ್ಲೇ ಇರುವುದು ಇವು ಮಾತಿಗಿಂತ ಚೆನ್ನಾಗಿ ಕೆಲಸ ಮಾಡುತ್ತವೆ. ಆ ಹುಡುಗಿ ಮತ್ತು ಅವಳ ಅಜ್ಜಿ ಇಬ್ಬರೂ ಕಪ್ಪು ಕಾಗದದ ಕಣ್ಣು ಮಾಡಿ, ಅಂಟಿಸಿಕೊಂಡು, ಕಿತ್ತುಹಾಕುವ ಆಟವನ್ನು ಹಲವು ದಿನ ಆಡಿದರು. ಅಂಟಿಸುವುದನ್ನೂ ಕೀಳುವುದನ್ನೂ ಹುಡುಗಿಯೇ ಮಾಡಬೇಕೆಂಬುದು ನಾನು ಹಾಕಿದ ಒಂದೇ ನಿಯಮವಾಗಿತ್ತು.

ನೋಡುವಾಗ ಮಗು ಸುಮ್ಮನಿತ್ತು ಎಂಬುದರಿಂದ ಏನನ್ನೂ ತೀರ್ಮಾನಿಸಬೇಡಿ. ಗಾಬರಿಯಲ್ಲಿ ಮರಗಟ್ಟಿದ ಮಗುವೂ ಸುಮ್ಮನಿರುತ್ತದೆ. ಮುಂದಿನ ಮೂರು-ನಾಲ್ಕು ದಿನ ಅದು ಬಚ್ಚಲಿಗೆ ಒಂಟಿಯಾಗಿ ಹೋಗುತ್ತದೆಯೇ, ದೀಪ ಆರಿಸಲು ಬಿಡುತ್ತದೆಯೇ, ಆ ಕಥೆಯನ್ನು ಆಟದಲ್ಲಿ ತರುತ್ತದೆಯೇ ಎಂದು ಗಮನಿಸಿರಿ. ಆಟದಲ್ಲಿ ರಾಕ್ಷಸನನ್ನು ಮತ್ತೆ ಮತ್ತೆ ಸೋಲಿಸುತ್ತಿದ್ದರೆ ಅದು ಭಯವನ್ನು ಅರಗಿಸಿಕೊಳ್ಳುತ್ತಿದೆ ಎಂದರ್ಥ. ಹೆಸರೆತ್ತಿದರೂ ಕೋಣೆ ಬಿಟ್ಟು ಹೋಗುತ್ತಿದ್ದರೆ ಸರಣಿಯನ್ನು ನಿಲ್ಲಿಸಬೇಕು, ಮತ್ತು ನಿದ್ದೆಯ ತೊಂದರೆ ಎರಡು-ಮೂರು ವಾರ ದಾಟಿದರೆ ತಜ್ಞರನ್ನು ಕಾಣಬೇಕು.

ಕೊನೆಯದಾಗಿ, ನನ್ನ ಬಳಿಗೆ ಬರುವ ಹೆದರಿದ ಪುಟ್ಟ ಮಕ್ಕಳಲ್ಲಿ ಅನೇಕರು ತಮಗಾಗಿ ಆರಿಸಿದ ಸರಣಿಯನ್ನು ನೋಡಿ ಹೆದರಿದವರಲ್ಲ. ಹತ್ತು ವರ್ಷದ ಅಣ್ಣನಿಗೋ ಅಕ್ಕನಿಗೋ ಹಾಕಿದ್ದನ್ನು, ಅದೇ ಕೋಣೆಯ ಮೂಲೆಯಲ್ಲಿ ಗೊಂಬೆಯೊಂದಿಗೆ ಆಡುತ್ತ, ಯಾರ ಗಮನಕ್ಕೂ ಬಾರದೆ ನೋಡಿದವರು. ದೊಡ್ಡ ಮಗುವಿನ ಸರಣಿಗೆ ಒಂದು ನಿರ್ದಿಷ್ಟ ಹೊತ್ತನ್ನು ಗೊತ್ತುಮಾಡಿ, ಆ ಹೊತ್ತಿನಲ್ಲಿ ಚಿಕ್ಕದನ್ನು ಇನ್ನೊಬ್ಬರು ಬೇರೆ ಕೋಣೆಗೆ ಕರೆದೊಯ್ಯುವ ಏರ್ಪಾಡನ್ನು ಈ ವಾರದಿಂದಲೇ ಆರಂಭಿಸಬಹುದು.