ಆ ದಿಂಬನ್ನು ಮಂಡಿ ಕೆಳಗಿನಿಂದ ತೆಗೆಯಿರಿ

ಎಸಿಎಲ್ ಆಪರೇಷನ್ (ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ಲಿಗಮೆಂಟ್ ಹರಿದಾಗ ಹೊಸದನ್ನು ಕೂರಿಸುವುದು) ಆಗಿ ಮೂರು ವಾರವಾಗಿದ್ದ ಕಬಡ್ಡಿ ಹುಡುಗನೊಬ್ಬನನ್ನು ಹೋದ ತಿಂಗಳು ಅವನ ತಾಯಿ ಕರೆತಂದರು. ಮಲಗಿಸಿ ಕಾಲು ಚಾಚಲು ಹೇಳಿದೆ. ಮಂಡಿಯ ಹಿಂಭಾಗಕ್ಕೂ ಹಾಸಿಗೆಗೂ ನಡುವೆ ನನ್ನ ಅಂಗೈ ಸಲೀಸಾಗಿ ತೂರಿತು. ಇನ್ನೊಂದು ಕಾಲಿನ ಕೆಳಗೆ ಬೆರಳೂ ಹೋಗಲಿಲ್ಲ.

"ಮನೇಲಿ ಹೇಗೆ ಮಲಗಿಸ್ತೀರಮ್ಮ?"

"ಮಂಡಿ ಕೆಳಗೆ ಎರಡು ದಿಂಬು ಇಡ್ತೀನಿ ಸಾರ್. ಹಾಗಿದ್ರೇನೇ ಅವನಿಗೆ ಆರಾಮ."

ಈ ಮಾತು ಕೇಳಿ ಕೇಳಿ ಸಾಕಾಗಿದೆ. ಅಕ್ಕರೆಯಿಂದ ಇಟ್ಟ ದಿಂಬು, ಬೈಯಲು ಬಾಯಿ ಬರುವುದಿಲ್ಲ. ಆದರೆ ಎರಡು ತಿಂಗಳಾದ ಮೇಲೆ "ನೋವು ಹೋಗಿಲ್ಲ, ಆಪರೇಷನ್ ಕೆಟ್ಟಿರಬೇಕು" ಎಂದು ಬರುವ ಅನೇಕರಲ್ಲಿ ಹೊಸ ಲಿಗಮೆಂಟ್ ಚೆನ್ನಾಗಿಯೇ ಇರುತ್ತದೆ. ಕಾಲು ಮಾತ್ರ ಪೂರ್ತಿ ನೆಟ್ಟಗಾಗಿರುವುದಿಲ್ಲ.

ಊದಿದ ಮಂಡಿಯನ್ನು ತುಸು ಮಡಚಿದರೆ ಒಳಗಿನ ಒತ್ತಡ ಇಳಿಯುತ್ತದೆ, ಹಾಯೆನಿಸುತ್ತದೆ. ಹಾಗೇ ಬಿಟ್ಟರೆ ಹಿಂಬದಿ ಬಿಗಿಯುತ್ತದೆ, ಮುಂದೆ ಗಾಯದ ಅಂಗಾಂಶ ಬೆಳೆದು ಅಡ್ಡ ನಿಲ್ಲಬಹುದು. ಮಡಚಿದ ಕಾಲಲ್ಲೇ ನಡೆಯುವವರ ತೊಡೆಯ ಸ್ನಾಯುವಿಗೆ ಬಿಡುವೇ ಇಲ್ಲ. ಅದು ಪ್ರತಿ ಹೆಜ್ಜೆಗೂ ಮಂಡಿಚಿಪ್ಪನ್ನು ಮೂಳೆಗೆ ಒತ್ತುತ್ತದೆ. ಮೆಟ್ಟಿಲು ಹತ್ತುವಾಗ ಚಿಪ್ಪಿನ ಸುತ್ತ ಚುಳ್ಳೆನ್ನುವುದು ಬಹಳ ಸಲ ಇದರಿಂದಲೇ.

ದಿಂಬು ಬೇಕೇ ಬೇಕೆಂದರೆ ಹಿಮ್ಮಡಿಯ ಕೆಳಗಿಡಿ. ಸುತ್ತಿದ ಟವೆಲ್ ಆದರೂ ಸಾಕು. ಮಂಡಿಯ ಹಿಂಭಾಗ ಗಾಳಿಯಲ್ಲಿರಬೇಕು, ತನ್ನ ಭಾರಕ್ಕೆ ತಾನೇ ಇಳಿಯಬೇಕು. ಹತ್ತು ನಿಮಿಷ, ದಿನಕ್ಕೆ ನಾಲ್ಕೈದು ಸಲ. ನಡುನಡುವೆ ತೊಡೆ ಬಿಗಿದು ಐದು ಎಣಿಸಿ ಸಡಿಲಿಸಿ. ಹಿಂದೆ ಎಳೆದಂತೆ ನೋಯುತ್ತದೆ, ಅದು ಸಹಿಸುವ ಮಟ್ಟದಲ್ಲಿದ್ದರೆ ಹೆದರಬೇಡಿ. ಊತವನ್ನೂ ಇಳಿಸಲೇಬೇಕು, ಏಕೆಂದರೆ ಮಂಡಿಯಲ್ಲಿ ಸ್ವಲ್ಪ ನೀರಿದ್ದರೂ ತೊಡೆಯ ಸ್ನಾಯು ಮಂಕಾಗುತ್ತದೆ. ಬಟ್ಟೆಯಲ್ಲಿ ಸುತ್ತಿದ ಐಸ್ ಅನ್ನು ಹದಿನೈದು ನಿಮಿಷ ಇಟ್ಟರಾಯಿತು.

ಎಲ್ಲರಿಗೂ ಒಂದೇ ಲೆಕ್ಕ ಅನ್ವಯಿಸದು. ಮಂಡಿಯೊಳಗಿನ ಮೆತ್ತೆಯಂಥ ಮೆನಿಸ್ಕಸ್ಸಿಗೂ ಹೊಲಿಗೆ ಬಿದ್ದಿದ್ದರೆ, ಮಂಡಿಗೆ ಕಟ್ಟುವ ಆಸರೆಯ ಬ್ರೇಸ್ ಕೊಟ್ಟಿದ್ದರೆ ನಿಮ್ಮ ಸರ್ಜನ್ ಹೇಳಿದ್ದೇ ಅಂತಿಮ. ವಾರಗಟ್ಟಲೆ ಮಾಡಿದರೂ ಕಾಲು ಒಂದೇ ಕಡೆ ಗಟ್ಟಿಯಾಗಿ ತಡೆದು ನಿಂತರೆ ಅವರಿಗೇ ತೋರಿಸಿ. ಮೀನಖಂಡ ಊದಿ ನೋಯುತ್ತಿದ್ದರೆ, ಜ್ವರ ಬಂದರೆ, ಗಾಯ ಸೋರಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಎಣ್ಣೆ ಹಚ್ಚಿ ನೀವಲು ಮಾತ್ರ ಕೂರಬೇಡಿ. ರಕ್ತ ಹೆಪ್ಪುಗಟ್ಟಿರುವ ಕಾಲನ್ನು ನೀವುವುದು ಪ್ರಾಣಕ್ಕೇ ಎರವಾದೀತು.

"ರಾತ್ರಿ ಮಲಗಿದಾಗಲೂ ತೆಗೀಬೇಕಾ ಸಾರ್?" ಎಂದು ಆ ತಾಯಿ ಕೇಳಿದರು. ತೆಗೀಲೇಬೇಕಮ್ಮ ಎಂದೆ. ಮುಖ ಚಿಕ್ಕದು ಮಾಡಿಕೊಂಡು ಹೋದರು. ಮುಂದಿನ ವಾರ ಹುಡುಗ ಮಲಗಿದ್ದೇ ತಡ, ನನಗಿಂತ ಮೊದಲು ಅವರೇ ಮಂಡಿಯ ಕೆಳಗೆ ಕೈ ತೂರಿಸಿದರು. ಎರಡು ಬೆರಳಷ್ಟೇ ಹೋದವು.