ಲೈಟಿನ ಲೈನು ಎಷ್ಟು ಲೋಡ್ ತಡೆಯುತ್ತದೆ?

ಮನೆ ವೈರಿಂಗ್ ಕೆಲಸಕ್ಕೆ ಹೋದಾಗ ನನಗೆ ಜಾಸ್ತಿ ಎದುರಾಗುವ ಪ್ರಶ್ನೆ ಒಂದಿದೆ. "ಈ ಲೈನಿಗೆ ಇನ್ನೂ ಎಷ್ಟು ಲೈಟ್ ಹಾಕಬಹುದು?" ನಾನು ದೀಪ ಎಣಿಸಲು ಹೋಗುವುದಿಲ್ಲ. ಮೊದಲು ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಬಿದ್ದು ಲೈನು ಕಡಿಯುವ ಸ್ವಿಚ್) ಎಷ್ಟು ಆಂಪಿಯರಿನದ್ದು ಅಂತ ನೋಡುತ್ತೇನೆ. ಆಮೇಲೆ ಅಲ್ಲಿಂದ ಹೊರಟ ವೈರ್ ಎಷ್ಟು ದಪ್ಪ ಇದೆ ಅಂತ. ಕೊನೆಗೆ ಜಾಯಿಂಟ್‌ಗಳು ಎಲ್ಲೆಲ್ಲಿವೆ ಅಂತ ಹುಡುಕುತ್ತೇನೆ. ತೊಂದರೆ ಇದ್ದರೆ ಹೆಚ್ಚಾಗಿ ಸಿಗುವುದು ಅಲ್ಲೇ.

ಕಾಗದದ ಮೇಲಿನ ಲೆಕ್ಕ ಸುಲಭ. 230 ವೋಲ್ಟ್ ಸಪ್ಲೈ, 6 ಆಂಪಿಯರ್ ಎಂಸಿಬಿ. ಗುಣಿಸಿದರೆ 1380 ವ್ಯಾಟ್. ಗಂಟೆಗಟ್ಟಲೆ ಉರಿಯುವ ದೀಪಗಳಾದರೆ ಅದರ ಶೇ 80ಕ್ಕೆ, ಅಂದರೆ 1100 ವ್ಯಾಟ್ ಆಸುಪಾಸಿಗೆ ನಿಲ್ಲಿಸುವುದು ನನ್ನ ರೂಢಿ. ಹಿಂದಿನ 100 ವ್ಯಾಟಿನ ಬುರುಡೆ ಬಲ್ಬಾದರೆ 11 ಹಾಕುವಷ್ಟರಲ್ಲಿ ಲೈನು ತುಂಬಿತು. ಈಗ ಅದೇ ಜಾಗದಲ್ಲಿ 9 ವ್ಯಾಟಿನ ಎಲ್‌ಇಡಿ. ನೂರು ಹಾಕಿದರೂ 900 ವ್ಯಾಟ್, ಇನ್ನೂ ಜಾಗ ಇದೆ ಅನ್ನಿಸುತ್ತದೆ ಅಲ್ವಾ?

ಅಲ್ಲೇ ಎಡವುವುದು. ಸಣ್ಣ ಎಲ್‌ಇಡಿಗಳಲ್ಲಿ ಪವರ್ ಫ್ಯಾಕ್ಟರ್, ಅಂದರೆ ಎಳೆದ ಕರೆಂಟಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು, 0.5ರಷ್ಟು ಕಡಿಮೆ ಇರುವುದುಂಟು. ಅಂಥ 9 ವ್ಯಾಟಿನ ದೀಪ ವೈರಿನಿಂದ ಎಳೆಯುವ ಕರೆಂಟು 18 ವ್ಯಾಟಿನ ಬುರುಡೆ ಬಲ್ಬಿನಷ್ಟು. ನೂರು ದೀಪಕ್ಕೆ 8 ಆಂಪಿಯರ್ ಹತ್ತಿರ ಬಂತು, 6ರ ಮಿತಿ ದಾಟಿತು. ಹಾಗಾಗಿ ಡಬ್ಬಿಯ ಮೇಲಿನ ವ್ಯಾಟ್ ಒಂದನ್ನೇ ಓದಬೇಡಿ. ಆಂಪಿಯರ್ ಅಥವಾ ಮಿಲಿಆಂಪಿಯರ್ ಬರೆದಿದ್ದರೆ ಅದನ್ನೇ ಕೂಡಿಸಿ.

ಇನ್ನೊಂದು ವಿಷಯವನ್ನು ಎಷ್ಟೋ ಎಲೆಕ್ಟ್ರಿಷಿಯನ್‌ಗಳೂ ಗಮನಿಸುವುದಿಲ್ಲ. ಎಲ್‌ಇಡಿಗೆ ಬೇಕಾದ ಹಾಗೆ ಕರೆಂಟು ಒದಗಿಸುವ ಡ್ರೈವರ್ ಒಳಗೆ ಕೆಪಾಸಿಟರ್, ಅಂದರೆ ಚಾರ್ಜ್ ತುಂಬಿಟ್ಟುಕೊಳ್ಳುವ ಭಾಗ, ಇರುತ್ತದೆ. ಸ್ವಿಚ್ ಹಾಕಿದ ಕ್ಷಣ ಅದು ಖಾಲಿ. ತುಂಬಿಕೊಳ್ಳಲು ಒಂದೇ ಗುಟುಕಿಗೆ ಕರೆಂಟು ಎಳೆಯುತ್ತದೆ. ಒಂದು ಸೆಕೆಂಡಿನ ಸಾವಿರದಲ್ಲಿ ಒಂದು ಭಾಗದಷ್ಟು ಹೊತ್ತು ಅಷ್ಟೆ. ಆದರೆ 30 ದೀಪ ಒಂದೇ ಸ್ವಿಚ್ಚಿನಲ್ಲಿದ್ದರೆ 30 ಗುಟುಕೂ ಒಟ್ಟಿಗೇ. ಬಿ ಟೈಪ್ ಎಂಸಿಬಿ ತನ್ನ ರೇಟಿಂಗಿನ 3ರಿಂದ 5 ಪಟ್ಟು ಕರೆಂಟಿಗೆ ತಟ್ಟನೆ ಬೀಳುತ್ತದೆ. ಸಿ ಟೈಪ್ 5ರಿಂದ 10 ಪಟ್ಟಿಗೆ. ಫಾಲ್ಸ್ ಸೀಲಿಂಗ್ ಮಾಡಿಸಿದವರು ಬಂದು "ಐದು ಸಲ ಹಾಕಿದರೆ ಒಂದು ಸಲ ಬೀಳುತ್ತದೆ, ಒಮ್ಮೆ ಹತ್ತಿಕೊಂಡರೆ ರಾತ್ರಿಯಿಡೀ ಉರಿಯುತ್ತದೆ" ಅಂದರೆ, ಬಹುಮಟ್ಟಿಗೆ ಇದೇ ಕಾರಣ. ವೋಲ್ಟೇಜ್ ಅಲೆಯ ತುದಿಯಲ್ಲಿರುವಾಗ ಸ್ವಿಚ್ ಕೂಡಿಕೊಂಡರೆ ಗುಟುಕು ದೊಡ್ಡದು, ಸೊನ್ನೆಯ ಹತ್ತಿರ ಕೂಡಿಕೊಂಡರೆ ಚಿಕ್ಕದು. ಅದಕ್ಕೇ ಪ್ರತಿ ಸಲ ಬೀಳುವುದಿಲ್ಲ. ದೀಪಗಳನ್ನು ಎರಡು ಮೂರು ಸ್ವಿಚ್ಚಿಗೆ ಹಂಚಿದರೆ ಸರಿಹೋಗುತ್ತದೆ. ಇಲ್ಲವಾದರೆ ಅರ್ಥಿಂಗ್ ಅಳೆದು ನೋಡಿ, ಅದೇ 6 ಆಂಪಿಯರಿನ ಸಿ ಟೈಪ್ ಹಾಕಬಹುದು. ಆಂಪಿಯರ್ ಮಾತ್ರ ಏರಿಸಬಾರದು.

ಆಂಪಿಯರ್ ಏರಿಸಿದರೆ ಏನಾಗುತ್ತದೆ ಅನ್ನುವುದನ್ನು ನಾನು ಒಂದು ಮನೆಯಲ್ಲಿ ಕೈಯಲ್ಲಿ ಹಿಡಿದು ನೋಡಿದ್ದೇನೆ. ಹಾಲಿನ ಲೈಟುಗಳು ಆಗಾಗ ಮಿಣುಕುತ್ತವೆ, ಏನೋ ಸುಟ್ಟ ವಾಸನೆ ಬರುತ್ತದೆ ಅಂತ ಕರೆದಿದ್ದರು. ಲೈಟಿನ ಲೈನಿನಲ್ಲೇ ಒಂದು ಪ್ಲಗ್ ಪಾಯಿಂಟ್ ಇತ್ತು. ಚಳಿಗೆ ಅದಕ್ಕೆ 2000 ವ್ಯಾಟಿನ ಹೀಟರ್ ಹಾಕುತ್ತಿದ್ದರು. ಎಲ್‌ಇಡಿ ಬಂದ ಮೇಲೆ ಲೈನಿನಲ್ಲಿ ಲೋಡ್ ಕಡಿಮೆ ಆಗಿದೆಯಲ್ಲ, ಏನೂ ಆಗುವುದಿಲ್ಲ ಅಂತ ಅವರ ಎಣಿಕೆ. 2000 ವ್ಯಾಟ್ ಅಂದರೆ 8.7 ಆಂಪಿಯರ್.

6ರ ಎಂಸಿಬಿ 6 ದಾಟಿದ ಕೂಡಲೇ ಬೀಳುತ್ತದೆ ಅಂತ ಜನ ನಂಬಿರುತ್ತಾರೆ. ಅದು ಹಾಗಲ್ಲ. ನಿಯಮದ ಪ್ರಕಾರ 1.13 ಪಟ್ಟು ಕರೆಂಟು ಒಂದು ಗಂಟೆ ಹರಿದರೂ ಅದು ಬೀಳಬಾರದು. 1.45 ಪಟ್ಟು ಹರಿದರೆ ಒಂದು ಗಂಟೆಯೊಳಗೆ ಬೀಳಬೇಕು. 6ರ 1.45 ಪಟ್ಟು ಎಷ್ಟು? ಅದೇ 8.7. ಹಾಗಾಗಿ ಆ ಮನೆಯಲ್ಲಿ ಹೀಟರ್ ಬಹಳ ಹೊತ್ತು ಉರಿದು, ಎಲ್ಲರೂ ಮಲಗುವ ಹೊತ್ತಿಗೆ ಎಂಸಿಬಿ ಬೀಳುತ್ತಿತ್ತು. ಯಾರೋ ಬಂದು "ಎಂಸಿಬಿ ವೀಕ್ ಆಗಿದೆ" ಅಂತ ಹೇಳಿ 16ರದ್ದು ಹಾಕಿ ಹೋಗಿದ್ದರು. ಆಮೇಲೆ ಟ್ರಿಪ್ ಆಗಲೇ ಇಲ್ಲ. ಸರಿಹೋಯಿತು ಅಂತ ಮನೆಯವರು ನೆಮ್ಮದಿಯಾಗಿದ್ದರು.

ಪವರ್ ಆಫ್ ಮಾಡಿ ಸೀಲಿಂಗಿನ ಜಂಕ್ಷನ್ ಬಾಕ್ಸ್ ಬಿಚ್ಚಿದೆ. ಎರಡು ವೈರ್ ಸುಮ್ನೆ ತಿರುಚಿ ಟೇಪ್ ಸುತ್ತಿದ್ದರು. ಟೇಪ್ ಗಟ್ಟಿಯಾಗಿ ಸಿಪ್ಪೆಯ ಹಾಗೆ ಎದ್ದು ಬಂತು. ಕೆಂಪು ಇನ್ಸುಲೇಷನ್ ಎರಡು ಬೆರಳು ಉದ್ದಕ್ಕೆ ಕಪ್ಪಾಗಿತ್ತು. ಮುಟ್ಟಿದರೆ ಪುಡಿ. ಒಳಗಿನ ತಾಮ್ರ ಹೊಳಪು ಕಳೆದುಕೊಂಡು ಮಸಿ ಹಿಡಿದಿತ್ತು.

ಈ ಲೆಕ್ಕ ಒಂದು ಸಲ ನೋಡಿ. 1.5 ಸ್ಕ್ವೇರ್ ಎಂಎಂ ತಾಮ್ರದ ವೈರು, ಹೋಗಿ ಬರುವ ದಾರಿ ಸೇರಿ 40 ಮೀಟರ್ ಅಂದುಕೊಳ್ಳಿ. ಅದರ ರೆಸಿಸ್ಟೆನ್ಸ್ ಸುಮಾರು ಅರ್ಧ ಓಮ್. 8.7 ಆಂಪಿಯರ್ ಹರಿದರೆ 37 ವ್ಯಾಟಿನಷ್ಟು ಶಾಖ ಹುಟ್ಟುತ್ತದೆ. ಮೀಟರಿಗೆ ಒಂದು ವ್ಯಾಟೂ ಬೀಳುವುದಿಲ್ಲ, ಹಾಗಾಗಿ ವೈರು ಸಂಕಟಪಡುವುದಿಲ್ಲ. ಈಗ ಸಡಿಲವಾದ ಒಂದೇ ಒಂದು ಜಾಯಿಂಟಿನಲ್ಲಿ ಅದೇ ಅರ್ಧ ಓಮ್ ಇದ್ದರೆ? ಅದೇ 37 ವ್ಯಾಟ್, ಆದರೆ ಕಡಲೆಬೀಜದಷ್ಟು ಜಾಗದಲ್ಲಿ. ಸೀಸ ಕರಗಿಸುವ ಸಾಲ್ಡರಿಂಗ್ ಐರನ್ ಅಷ್ಟೇ ವ್ಯಾಟಿನದ್ದು. ಅದನ್ನು ಆನ್ ಮಾಡಿ ಸೀಲಿಂಗಿನ ಒಳಗೆ ಇಟ್ಟು ಮುಚ್ಚಿದ ಹಾಗೆ.

ಇಷ್ಟಾದರೂ ಎಂಸಿಬಿಗೆ ಏನೂ ಗೊತ್ತಾಗುವುದಿಲ್ಲ. ಅದು ಎಷ್ಟು ಕರೆಂಟು ಹರಿಯುತ್ತಿದೆ ಅಂತ ಮಾತ್ರ ನೋಡುತ್ತದೆ. ಸಡಿಲ ಜಾಯಿಂಟಿನಿಂದ ಕರೆಂಟು ಜಾಸ್ತಿ ಆಗುವುದಿಲ್ಲ, ಒಂಚೂರು ಕಡಿಮೆಯೇ ಆಗುತ್ತದೆ. ಎಂಸಿಬಿ ಇರುವುದು ವೈರು ಕಾಯುವುದಕ್ಕೆ. ಜಾಯಿಂಟ್ ಕಾಯುವುದು ಅದನ್ನು ಹಾಕಿದವನ ಕೈ ಮತ್ತು ಕಡಿಮೆ ಲೋಡ್, ಇವೆರಡೇ. 6ರದ್ದು ಇದ್ದಾಗ ಆ ಜಾಯಿಂಟಿಗೆ ಸ್ವಲ್ಪ ವಿರಾಮವಾದರೂ ಸಿಗುತ್ತಿತ್ತು. 16 ಹಾಕಿ ಅದನ್ನೂ ಕಿತ್ತುಕೊಂಡರು. ಜೊತೆಗೆ ಆ ಲೈನಿನ ಸ್ವಿಚ್ಚುಗಳೆಲ್ಲ 6 ಆಂಪಿಯರಿನವು. ಅವುಗಳಿಗೂ ಕಾವಲು ಹೋಯಿತು. ಒಂದೇ ಪೈಪಿನಲ್ಲಿ ಏಳೆಂಟು ವೈರ್ ತುರುಕಿದ್ದರೆ ಶಾಖ ಹೊರಗೆ ಹೋಗಲು ದಾರಿಯಿಲ್ಲದೆ ವೈರಿನ ತಾಕತ್ತೂ ಇಳಿಯುತ್ತದೆ. ಸಾಮಾನ್ಯ ಪಿವಿಸಿ ಇನ್ಸುಲೇಷನ್ ತಡೆಯುವುದು 70 ಡಿಗ್ರಿಯವರೆಗೆ.

ಆ ಮನೆಯಲ್ಲಿ ಸುಟ್ಟ ಭಾಗ ಕತ್ತರಿಸಿ, ಹೊಸ ವೈರ್ ಎಳೆದು, ಸ್ಕ್ರೂ ಕನೆಕ್ಟರ್ ಬಿಗಿದೆ. 6ರ ಎಂಸಿಬಿ ವಾಪಸ್ ಹಾಕಿದೆ. ಹೀಟರಿಗೆ ದಪ್ಪ ವೈರಿನ ಬೇರೆ ಲೈನ್ ಕೊಟ್ಟೆ. ಮನೆಯ ಲೈಟುಗಳನ್ನು ಎರಡು ಸರ್ಕ್ಯೂಟಿಗೆ ಹಂಚಿದೆ. ಇದು ಲೋಡಿಗೋಸ್ಕರ ಅಲ್ಲ, ಒಂದು ಬಿದ್ದರೂ ಮೆಟ್ಟಿಲ ಹತ್ತಿರ ಕತ್ತಲಾಗಬಾರದು ಅಂತ.

ನಿಮ್ಮ ಮನೆಯಲ್ಲೂ ಒಂದು ಸಂಜೆ ಹೀಗೆ ಮಾಡಿ ನೋಡಿ. ಎಲ್ಲ ಲೈಟ್ ಹಾಕಿ ಅರ್ಧ ಗಂಟೆ ಬಿಡಿ. ಕೈ ಒಣಗಿರಲಿ. ಒಂದೊಂದೇ ಸ್ವಿಚ್‌ಬೋರ್ಡಿನ ಮುಖಕ್ಕೆ ಅಂಗೈಯ ಹಿಂಭಾಗ ತಾಗಿಸಿ. ಡಿಮ್ಮರ್ ಸ್ವಲ್ಪ ಬೆಚ್ಚಗಿರುವುದು ಸಹಜ. ಉಳಿದವು ಗೋಡೆಯಷ್ಟೇ ತಣ್ಣಗಿರಬೇಕು. ಎಲ್ಲಾದರೂ ಬಿಸಿ ತಾಗಿದರೆ ಆ ಲೈನಿನ ಎಂಸಿಬಿ ಇಳಿಸಿ ಎಲೆಕ್ಟ್ರಿಷಿಯನ್‌ನ ಕರೆಸಿ. ಅವರು ಬಿಚ್ಚಿ ನೋಡುವವರೆಗೆ ಅದನ್ನು ಮತ್ತೆ ಏರಿಸಬೇಡಿ.