ಹಳೇ ಶೀಟು ಇಳಿಸುವ ಮುಂಚೆ

ಹಳೇ ಮನೆ ಕೊಳ್ಳುವವರು ಪತ್ರ ನೋಡುತ್ತಾರೆ, ಖಾತೆ ನೋಡುತ್ತಾರೆ, ಗೋಡೆಯ ಬಿರುಕಿಗೆ ಬೆರಳಿಟ್ಟು ನೋಡುತ್ತಾರೆ. ಹಿತ್ತಲಿನ ಬಚ್ಚಲ ಮೇಲೋ ಕಾರ್ ಶೆಡ್ಡಿನ ಮೇಲೋ ಹೊದಿಸಿರುವ ಬೂದು ಬಣ್ಣದ ಸಿಮೆಂಟ್ ಶೀಟಿನ ಬಗ್ಗೆ ಯಾರೂ ಕೇಳುವುದಿಲ್ಲ. ಒಡೆದು ಬಿಸಾಕಿ ಮೋಲ್ಡ್ ಹಾಕಿಸಿದರಾಯ್ತು ಅಂದುಕೊಳ್ಳುತ್ತಾರೆ. ತೊಂದರೆ ಇರುವುದೇ ಆ 'ಒಡೆದು' ಅನ್ನುವುದರಲ್ಲಿ.

ಈ ಶೀಟಿನ ತೂಕದಲ್ಲಿ ಸಾಮಾನ್ಯವಾಗಿ ನೂರಕ್ಕೆ 8–10 ಪಾಲು ಕಲ್ನಾರು, ಅಂದರೆ ಆಸ್ಬೆಸ್ಟಾಸ್. ಉಳಿದದ್ದು ಹೆಚ್ಚಾಗಿ ಸಿಮೆಂಟು. ಸಿಮೆಂಟಿನೊಳಗೆ ಗಟ್ಟಿಯಾಗಿ ಕೂತಿರುವ ತನಕ ಕಲ್ನಾರಿನಿಂದ ಅಪಾಯ ಕಡಿಮೆ. ಹಾಗಾಗಿ ಶೀಟು ಚೆನ್ನಾಗಿದ್ದರೆ ಸುಮ್ನೆ ಬಿಟ್ಟುಬಿಡುವುದೇ ಮೇಲು. ಪಾಚಿ ಕಟ್ಟಿದೆ ಅಂತ ತಂತಿ ಬ್ರಷ್ಷಿನಲ್ಲಿ ಉಜ್ಜಬೇಡಿ.

ಕಲ್ನಾರು ಉದ್ದಕ್ಕೆ ಸೀಳುತ್ತದೆ. ಸೀಳಿದಷ್ಟೂ ತೆಳು ಎಳೆ, ಕೊನೆಗೆ ಕಣ್ಣಿಗೇ ಕಾಣದಷ್ಟು. ಉಸಿರಿನ ಜೊತೆ ಅದು ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ. ಅಲ್ಲಿ ದೂಳನ್ನು ನುಂಗಿ ಸ್ವಚ್ಛ ಮಾಡುವ ಮ್ಯಾಕ್ರೋಫೇಜ್ ಎಂಬ ಜೀವಕೋಶಗಳಿವೆ. ಮಾಮೂಲಿ ದೂಳಿನ ಕಣ ಅವಕ್ಕೆ ಒಂದು ತುತ್ತು. ಆದರೆ 20 ಮೈಕ್ರಾನ್‌ಗಿಂತ ಉದ್ದದ ಎಳೆ ಆ ಜೀವಕೋಶಕ್ಕಿಂತಲೇ ಉದ್ದ. ನುಂಗಲೂ ಆಗದೆ ಉಗುಳಲೂ ಆಗದೆ ಆ ಜೀವಕೋಶ ಸುತ್ತಲಿನ ಅಂಗಾಂಶವನ್ನು ಸುಡುವ ರಾಸಾಯನಿಕಗಳನ್ನು ಕಾರುತ್ತದೆ. ಈ ಉರಿಯೂತ ವರ್ಷಗಟ್ಟಲೆ ಮುಂದುವರಿಯುತ್ತದೆ. ಶ್ವಾಸಕೋಶದ ಹೊದಿಕೆಗೆ ಬರುವ ಮೀಸೋಥೀಲಿಯೋಮಾ ಎಂಬ ಕ್ಯಾನ್ಸರ್ ಕಾಣಿಸಿಕೊಳ್ಳಲು 20ರಿಂದ 40 ವರ್ಷ, ಕೆಲವೊಮ್ಮೆ ಇನ್ನೂ ಜಾಸ್ತಿ ಹಿಡಿಯುತ್ತದೆ. ಇವತ್ತು ಕೆಮ್ಮಿಲ್ಲ ಅಂದರೆ ಏನೂ ಆಗಿಲ್ಲ ಅಂತಲ್ಲ.

ಶೀಟು ನೋಡಿ ಕಲ್ನಾರು ಇದೆಯೋ ಇಲ್ಲವೋ ಹೇಳಲಾಗದು. ಕಲ್ನಾರಿಲ್ಲದ ಶೀಟೂ ನೋಡಲು ಹಾಗೇ ಇರುತ್ತದೆ. ಖಾತ್ರಿಯಾಗಬೇಕಾದರೆ ಲ್ಯಾಬಿನ ಮೈಕ್ರೋಸ್ಕೋಪೇ ಬೇಕು. ಬ್ರಿಟನ್ 1999ರಲ್ಲಿ, ಆಸ್ಟ್ರೇಲಿಯಾ 2003ರ ಕೊನೆಯಲ್ಲಿ ಕಲ್ನಾರನ್ನು ಪೂರ್ತಿ ನಿಷೇಧಿಸಿದವು. ನಮ್ಮಲ್ಲಿ ಗಣಿಗಾರಿಕೆಗೆ ಕಡಿವಾಣ ಬಿತ್ತು, ಆದರೆ ಹೊರಗಿನಿಂದ ತರಿಸಿ ಶೀಟು ಮಾಡುವುದು ನಿಲ್ಲಲಿಲ್ಲ. ಹಾಗಾಗಿ ಪರೀಕ್ಷೆ ಮಾಡಿಸದ ಹಳೇ ಶೀಟೆಲ್ಲ ಕಲ್ನಾರಿನದ್ದೇ ಅಂದುಕೊಂಡು ಕೆಲಸಕ್ಕೆ ಇಳಿಯಿರಿ.

ಇಳಿಸುವ ದಿನ ಸಾಮಾನ್ಯವಾಗಿ ಆಗುವುದೇನು? ಶೀಟನ್ನು ಹಿಡಿದಿರುವ ಜೆ ಬೋಲ್ಟ್ ತುಕ್ಕು ಹಿಡಿದಿರುತ್ತದೆ, ನಟ್ಟು ತಿರುಗುವುದಿಲ್ಲ. ಮೇಲೆ ಹತ್ತಿದವರು ಸುತ್ತಿಗೆಯಿಂದ ಎರಡು ಏಟು ಹಾಕುತ್ತಾರೆ. ಶೀಟಿನ ಅಂಚು ಚೂರಾಗುತ್ತದೆ, ಉಳಿದದ್ದನ್ನು ಕೆಳಕ್ಕೆ ಎಸೆಯುತ್ತಾರೆ. ಗ್ರೈಂಡರ್ ಹಿಡಿದರಂತೂ ಬೀದಿಗೆಲ್ಲ ದೂಳು. ಅದರ ಬದಲು ಮೊದಲು ಶೀಟಿಗೆ ಚೆನ್ನಾಗಿ ನೀರು ಹೊಡೆಯಿರಿ. ಬೋಲ್ಟನ್ನು ಕೆಳಗಿನಿಂದ ಕಟ್ಟರ್‌ನಲ್ಲಿ ಕತ್ತರಿಸಿ, ಶೀಟನ್ನು ಇಡಿಯಾಗಿ ಇಳಿಸಿ, ದಪ್ಪ ಪ್ಲಾಸ್ಟಿಕ್‌ನಲ್ಲಿ ಸುತ್ತಿ. ಶೀಟಿನ ಮೇಲೆ ಕಾಲಿಟ್ಟು ನಡೆಯಲೇಬಾರದು, ಮುರಿದು ಬಿದ್ದು ಸತ್ತವರಿದ್ದಾರೆ. ಬಾಯಿಗೆ ಕರ್ಚೀಫ್ ಕಟ್ಟಿಕೊಂಡರೆ ಪ್ರಯೋಜನವಿಲ್ಲ; ಅತಿ ಸಣ್ಣ ದೂಳನ್ನೂ ತಡೆಯುವ ಪಿ100 ದರ್ಜೆಯ ಫಿಲ್ಟರ್ ಇರುವ ಮಾಸ್ಕ್ ಬೇಕು. ಪೊರಕೆ ಮುಟ್ಟಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಚೂರುಗಳನ್ನು ಅಂಗಳದ ಗುಂಡಿಗೆ ತುಂಬಿಸಿದರೆ ಗಾಡಿ ಓಡಾಡಿದಂತೆ ಮತ್ತೆ ಪುಡಿಯಾಗುತ್ತದೆ.

ಮನೆಯವರಿಗೆ ಇದು ಒಂದು ದಿನದ ದೂಳು, ಕೆಲಸದವರಿಗೆ ವರ್ಷವಿಡೀ. ಅವರ ಬಟ್ಟೆಯಲ್ಲಿ ಅದು ಮನೆಗೂ ಹೋಗುತ್ತದೆ: ಕಲ್ನಾರು ಕಾರ್ಮಿಕರ ಬಟ್ಟೆ ಒಗೆದ ಹೆಂಗಸರಿಗೂ ಇದೇ ಕ್ಯಾನ್ಸರ್ ಬಂದದ್ದು ವೈದ್ಯಕೀಯ ದಾಖಲೆಗಳಲ್ಲಿದೆ. ಒಡೆಯದೆ ಇಳಿಸಲು ಅರ್ಧ ದಿನ ಜಾಸ್ತಿ ಬೇಕು. ಆ ಕೂಲಿಯನ್ನು ಮೇಸ್ತ್ರಿ ಹತ್ತಿರ ರೇಟು ಮಾತಾಡುವಾಗಲೇ ಸೇರಿಸಿ, ಮಾಸ್ಕ್ ನೀವೇ ತಂದುಕೊಡಿ.